ಗಂಡು ಕರುವಿನ ಲೆಕ್ಕದ ಪುಸ್ತಕ

2022ರ ಆಗಸ್ಟ್‌ನಲ್ಲಿ ನಮ್ಮ ಸೀಮೆಹಸು ಮೂರನೇ ಸೂಲಿಗೂ ಗಂಡು ಕರುವನ್ನೇ ಹಾಕಿತು. ಬ್ಯಾಟರಿ ಬೆಳಕಲ್ಲಿ ಬಾಲ ಎತ್ತಿ ನೋಡಿದ ಅಮ್ಮ ಏನೂ ಹೇಳದೆ ಒಳಗೆ ಹೋಗಿ ಮಲಗಿದರು. ಹೆಣ್ಣಾಗಿದ್ದರೆ ಆ ಹೊತ್ತಲ್ಲೂ ಕಾಫಿ ಆಗಿರೋದು.

ಮೊದಲ ಎರಡು ಗಂಡು ಕರುಗಳ ಕತೆ ಹೇಳಿಯೇ ಮುಂದಕ್ಕೆ ಹೋಗಬೇಕು. ಒಂದು ನಲವತ್ತನೇ ದಿನಕ್ಕೆ ಸತ್ತಿತು. ಭೇದಿಯಾಗಿ ಹೋಯ್ತು ಅಂತ ಕೇಳಿದವರಿಗೆಲ್ಲ ಹೇಳಿದೆವು. ಭೇದಿ ಆಗಿದ್ದು ನಿಜ. ಅದಕ್ಕೂ ಮುಂಚೆ ಹಾಲೆಲ್ಲ ಡೇರಿ ಕ್ಯಾನಿಗೆ ಹೋಗಿ, ಕರುವಿಗೆ ಕೆಚ್ಚಲ ತಳದ್ದು ಮಾತ್ರ ಸಿಗುತ್ತಿದ್ದದ್ದೂ ನಿಜ. ಇನ್ನೊಂದನ್ನು ಬೈಕಿನಲ್ಲಿ ಬಂದವರೊಬ್ಬರು ಮುನ್ನೂರು ರೂಪಾಯಿ ಕೊಟ್ಟು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದರು. ಎಲ್ಲಿಗೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ತಿಂಗಳಲ್ಲೇ ನಾವು ಪತ್ರಿಕೆಗೆ ಕಳಿಸಿದ ಸುದ್ದಿಗಳಲ್ಲಿ ಒಂದು ಹೀಗಿತ್ತು: ಅಕ್ರಮ ಸಾಗಣೆ, ಹನ್ನೊಂದು ಕರು ವಶ, ಇಬ್ಬರ ಬಂಧನ. ಪೊಲೀಸರ ಪ್ರಕಟಣೆಯನ್ನು ಹಾಗೇ ಇಳಿಸಿದ್ದೆವು. ಆ ಹನ್ನೊಂದು ಕರು ಯಾರ ಕೊಟ್ಟಿಗೆಯಿಂದ ಹೊರಟವು ಅನ್ನೋದು ಸುದ್ದಿಯಲ್ಲಿ ಇರಲಿಲ್ಲ.

ಆದ್ದರಿಂದ ಮೂರನೆಯದನ್ನು ಸಾಕೋಣ ಅಂದುಕೊಂಡೆವು. ಪುಣ್ಯಕ್ಕೆ ಅಂತಲ್ಲ, ಎಷ್ಟಾಗುತ್ತೆ ನೋಡೇಬಿಡೋಣ ಅಂತ. ವರದಿಗಿಟ್ಟ ಇನ್ನೂರು ಪುಟದ ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ, ಹಿಂದಿನಿಂದ ಬರೆಯಲು ಶುರುಮಾಡಿದೆವು.

ಮೊದಲ ಖರ್ಚು ಹಾಲು. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಹಾಲು ದಿನಕ್ಕೆ ಬೇಕು ಅಂತ ಪಶುವೈದ್ಯರು ಹೇಳಿದ್ದರು. ಮೊದಲ ತಿಂಗಳು ಮೂರು ಲೀಟರ್, ಆಮೇಲೆ ಎರಡೂವರೆ, ಮೂರನೇ ತಿಂಗಳು ಒಂದೂವರೆ ಕೊಟ್ಟೆವು. ಒಟ್ಟು 210 ಲೀಟರ್. ನಮ್ಮ ಕೈಗೆ ಬರುತ್ತಿದ್ದ ದರ ಲೀಟರಿಗೆ 34 ರೂಪಾಯಿ ಹಿಡಿದರೆ 7,140. ಅಮ್ಮ ದಿನಾ ಬೆಳಿಗ್ಗೆ ಕ್ಯಾನ್ ಎತ್ತಿ ನೋಡಿ, 'ಇವತ್ತೂ ನೂರು ರೂಪಾಯಿ ಕುಡೀತು' ಅನ್ನೋರು. ಜಿಲ್ಲಾ ವರದಿಗಾರಿಕೆಯಿಂದ ತಿಂಗಳಿಗೆ ಏನು ಬರುತ್ತೆ ಅಂತ ಇದನ್ನು ಓದುವವರಿಗೆ ಗೊತ್ತು. ಅಮ್ಮನ ಮಾತಿಗೆ ನಮ್ಮಲ್ಲಿ ಎದುರುತ್ತರ ಇರಲಿಲ್ಲ.

ಅಕ್ಟೋಬರ್ ಹೊತ್ತಿಗೆ ಚರ್ಮಗಂಟು ರೋಗ ಬಂತು. ತಾಯಿಯ ಹಾಲು ಹನ್ನೆರಡು ಲೀಟರಿನಿಂದ ನಾಲ್ಕಕ್ಕೆ ಇಳಿಯಿತು. ಕರುವಿನ ಮೈಮೇಲೆ ಅಡಿಕೆ ಗಾತ್ರದ ಗಂಟುಗಳು, ಕಾಲು ಬಾವು. ಹತ್ತು ದಿನ ಬೇವಿನಸೊಪ್ಪಿನ ಹೊಗೆ, ಜ್ವರದ ಇಂಜೆಕ್ಷನ್, ಗಂಜಿ. ಈ ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಅಂತ ಸರ್ಕಾರ ಹೇಳಿತ್ತು. ಅದನ್ನೂ ನಾವೇ ವರದಿ ಮಾಡಿದ್ದೆವು. ಸತ್ತರೆ ಐದು ಸಾವಿರ ಬೆಲೆ ಇದ್ದ ಕರು ಬದುಕಿಕೊಂಡಿತು.

ಮುಂದಿನ ಹನ್ನೊಂದು ತಿಂಗಳು ದಿನಕ್ಕೆ ಸರಾಸರಿ ಒಂದು ಕೆಜಿ ಫೀಡ್ಸ್ ಹಾಕಿದೆವು. ಐವತ್ತು ಕೆಜಿ ಮೂಟೆ 1,200ರ ಹಾಗೆ ಸುಮಾರು 7,900. 2023ರಲ್ಲಿ ಮಳೆ ಕೈಕೊಟ್ಟು ಮನೆಯ ರಾಗಿಹುಲ್ಲು ಸಾಲದೆ ಒಂದು ಟ್ರ್ಯಾಕ್ಟರ್ ಲೋಡ್ ಕೊಂಡೆವು. ಅದರಲ್ಲಿ ಇವನ ಪಾಲು ಮೂರನೇ ಒಂದು, 4,700. ಜಂತುಹುಳದ ಔಷಧಿ, ಖನಿಜ ಮಿಶ್ರಣ, ಚರ್ಮಗಂಟಿನ ಚಿಕಿತ್ಸೆ ಸೇರಿ 1,800. ಕಾಲುಬಾಯಿ ಲಸಿಕೆಗೆ ದುಡ್ಡಿಲ್ಲ. ಹದಿನಾಲ್ಕು ತಿಂಗಳಿಗೆ ಒಟ್ಟು 21,540. ಬದುವಿನ ಹಸಿಹುಲ್ಲು, ಸಗಣಿ ಬಾಚಿದ ಕೂಲಿ ಇದರಲ್ಲಿಲ್ಲ. ಗೊಬ್ಬರ ಮಾರಿದ್ದರೆ ಸ್ವಲ್ಪ ಕಳೆಯಬಹುದಿತ್ತು, ತೆಂಗಿನ ಬುಡಕ್ಕೆ ಹಾಕಿಬಿಟ್ಟೆವು.

ತೂಕ ತಿಳಿಯಲು ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಬೇಕು. ಅಳತೆ ಇಂಚಿನಲ್ಲಿದ್ದರೆ ಉತ್ತರ ಕೆಜಿಯಲ್ಲಿ. ಇವನದು 56 ಮತ್ತು 50, ಸುಮಾರು 237 ಕೆಜಿ. ಮಾಂಸಕ್ಕೆ ಸಾಕುವ ಕಡೆ ಅರ್ಧ ತೂಕ ಉಳಿಯುತ್ತೆ ಅಂತ ಲೆಕ್ಕ ಹಾಕುತ್ತಾರೆ. ಹಾಗೆ ನೋಡಿದರೆ 118 ಕೆಜಿ, ಕೆಜಿಗೆ ನಮಗೆ ಬಿದ್ದ ಖರ್ಚು 182 ರೂಪಾಯಿ. ಬೇರೆ ದೇಶಗಳಲ್ಲಿ ರೈತ ಇಲ್ಲಿಂದ ಮುಂದೆ ಮಾರುವ ದರ ಬರೆದು ಲಾಭ ನಷ್ಟ ತೆಗೆಯುತ್ತಾನೆ. ನಮ್ಮ ಪುಸ್ತಕದಲ್ಲಿ ಆ ಕಾಲಂ ಖಾಲಿ.

1964ರ ಕಾಯ್ದೆಯಲ್ಲಿ ಹಸುವಿಗೂ ಕರುವಿಗೂ ರಕ್ಷಣೆ ಇತ್ತು, 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗಳಿಗೆ ಪ್ರಮಾಣಪತ್ರ ಪಡೆದು ಕಸಾಯಿಖಾನೆಯ ದಾರಿ ಇತ್ತು. 2021ರ ಜನವರಿಯಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಎತ್ತು, ಹೋರಿಗಳಿಗೆ ಯಾವ ವಯಸ್ಸಿನಲ್ಲೂ ಆ ದಾರಿ ಇಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಇದೆ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ. ಇದು ಸರಿಯೋ ತಪ್ಪೋ ಅಂತ ಮನೆಯಲ್ಲೇ ಒಮ್ಮತ ಇಲ್ಲ. ಅಮ್ಮನಿಗೆ ಕಾಯ್ದೆ ಸರಿ. ಆದರೆ ಫೀಡ್ಸ್ ಮೂಟೆ ತರೋದು ಯಾರು ಅಂತ ಕೇಳುವವರೂ ಅವರೇ.

ಉಳುಮೆಗೆ ಹೂಡಬಾರದಾ ಅಂತ ಪಟ್ಟಣದ ಗೆಳೆಯರು ಕೇಳುತ್ತಾರೆ. ಸೀಮೆಹೋರಿಗೆ ಡುಬ್ಬವೇ ಸರಿಯಾಗಿಲ್ಲ, ನೊಗ ಜಾರುತ್ತೆ. ಬಿಸಿಲಿಗೆ ಹತ್ತು ಗಂಟೆಗೇ ನಾಲಗೆ ಚಾಚುತ್ತೆ. ನಮ್ಮ ಚನ್ನರಾಯಪಟ್ಟಣದ ಕಡೆ ಬೂಕನಬೆಟ್ಟದ ಜಾತ್ರೆಯಲ್ಲಿ ಒಳ್ಳೇ ಹಳ್ಳಿಕಾರ್ ಜೋಡಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುವುದನ್ನು ಪ್ರತಿ ವರ್ಷ ಫೋಟೋ ಸಮೇತ ಬರೆಯುತ್ತೇವೆ. ಅಲ್ಲಿಗೆ ಇವನನ್ನು ಹಿಡಿದುಕೊಂಡು ಹೋದರೆ ನಗುತ್ತಾರೆ.

2019ರ ಜಾನುವಾರು ಗಣತಿಯಲ್ಲಿ ದೇಶದ ದನಗಳ ಸಂಖ್ಯೆ 19 ಕೋಟಿ 24 ಲಕ್ಷ, ಅದರಲ್ಲಿ ಹೆಣ್ಣು 14 ಕೋಟಿ 51 ಲಕ್ಷ. ಹುಟ್ಟುವಾಗ ಅರ್ಧಕ್ಕರ್ಧ ಇರುವ ಗಂಡು, ಎಣಿಸುವಾಗ ನಾಲ್ಕರಲ್ಲಿ ಒಂದಾಗಿದೆ. ಈ ಅಂಕಿಯನ್ನು ನೋಡಿದಾಗೆಲ್ಲ ನಮಗೆ ಆ ನಲವತ್ತು ದಿನದ ಕರು ನೆನಪಾಗುತ್ತೆ.

ಇವನಿಗೆ ಈಗ ಎರಡೂವರೆ ವರ್ಷ. ಬೀಜ ಒಡೆಸಿದ್ದೇವೆ, ಸೌಮ್ಯವಾಗಿದ್ದಾನೆ. ಫೀಡ್ಸ್ ನಿಲ್ಲಿಸಿ ಹುಲ್ಲಿನಲ್ಲೇ ಇಟ್ಟಿದ್ದೇವೆ. ವಾರಕ್ಕೊಮ್ಮೆ ಒಂಟಿ ಎತ್ತಿನ ಗಾಡಿಗೆ ಕಟ್ಟಿ ಗೊಬ್ಬರ ಸಾಗಿಸುತ್ತೇವೆ, ಬೆಳಗಿನ ತಂಪಲ್ಲಿ ಮಾತ್ರ. ಅವನ ತಾಯಿ ಮತ್ತೆ ಗಬ್ಬವಾಗಿದೆ. ಈ ಸಲ ಹೆಣ್ಣು ಕರುವಿಗಾಗಿಯೇ ಬೇರ್ಪಡಿಸಿದ ವೀರ್ಯದ ಕಡ್ಡಿ ಹಾಕಿಸಿದೆವು. ನೂರಕ್ಕೆ ತೊಂಬತ್ತು ಹೆಣ್ಣೇ ಅಂದಿದ್ದಾರೆ ಡಾಕ್ಟರು. ನೋಟ್‌ಬುಕ್ಕಿನಲ್ಲಿ ಇನ್ನೂ ಮೂವತ್ತು ಪುಟ ಉಳಿದಿವೆ.