ಮೂರು ದಿನದ ಅಮ್ಮ

ಮೊಳಕಾಲ್ಮುರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. 1962ರಲ್ಲಿ ನಾನು ಮೂರನೇ ಕ್ಲಾಸು. ಒಂದು ದಿನ ಸಣ್ಣಗೆ ಜ್ವರ ಬಂತು, ಮೈತುಂಬ ಕೆಂಪು ಗಂಧೆ ಎದ್ದಿತು, ಕಿವಿಯ ಹಿಂದೆ ಗಂಟು ಕಟ್ಟಿತು. "ಅಮ್ಮ ಬಂದವ್ಳೆ" ಎಂದು ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಮೂರೇ ದಿನ, ಎಲ್ಲ ಮಾಯ. ನಾಲ್ಕನೇ ದಿನ ನಾನು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ.

ಆ ಮೂರು ದಿನವೂ ನನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಬೇವಿನೆಲೆಯಿಂದ ಮೈ ಸವರಿದವಳು ಅವ್ವ. ಅವಳಿಗಾಗ ಎರಡು ತಿಂಗಳು. ಎರಡು ವಾರ ಕಳೆದ ಮೇಲೆ ಅವಳ ಮೈಮೇಲೂ ಅದೇ ಗಂಧೆ ಕಾಣಿಸಿಕೊಂಡು ಹೋಯಿತು.

ತಮ್ಮ ಹುಟ್ಟಿದ. ಅವನ ಒಂದು ಕಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಬಿಳಿ ಇತ್ತು. ಪಕ್ಕದಲ್ಲೇ ಕೊಡ ಉರುಳಿ ಬಿದ್ದರೂ ಮಗು ಬೆಚ್ಚಲಿಲ್ಲ. "ಗ್ರಹಣದಲ್ಲಿ ಹೊರಗೆ ಬಂದಿರ್ತಾಳೆ" ಎಂದು ಜನ ಆಡಿಕೊಂಡರು. ಆ ಮಾತನ್ನು ಅವ್ವ ಸಾಯುವ ತನಕ ಹೊತ್ತಳು.

ಐವತ್ತೈದು ವರ್ಷ ಕಳೆಯಿತು. 2017ರ ಫೆಬ್ರುವರಿ. ನಾನು ಚಳ್ಳಕೆರೆಯಲ್ಲಿ ಮಗಳ ಮನೆಯಲ್ಲಿದ್ದೆ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಎಂದು ಮೊಮ್ಮಗಳ ಶಾಲೆಯಿಂದ ಚೀಟಿ ಬಂತು. ಹಾಕಿಸಬೇಡಿ ಎಂಬ ಗಾಳಿಸುದ್ದಿ ಮೊಬೈಲಿನಲ್ಲಿ ಹರಿದಾಡುತ್ತಿತ್ತು. ಮಗಳು ಹಿಂದೆಮುಂದೆ ನೋಡಿದಳು. ಪೋಷಕರ ಸಭೆಗೆ ನಾನೇ ಹೋದೆ.

ಅಲ್ಲಿ ವೈದ್ಯೆಯೊಬ್ಬರು ಬಿಡಿಸಿ ಹೇಳಿದರು. ರುಬೆಲ್ಲಾ ಮಕ್ಕಳಿಗೆ ಬಂದರೆ ಸಾಮಾನ್ಯವಾಗಿ ಮೂರು ದಿನದ ಗಂಧೆ, ಅಷ್ಟೆ. ಆದರೆ ಬಸುರಿಗೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ವೈರಸ್ಸು ಮಾಸನ್ನು ದಾಟಿ ಒಳಗಿನ ಕೂಸನ್ನು ಮುಟ್ಟುತ್ತದೆ. ಕಣ್ಣು, ಕಿವಿ, ಹೃದಯ ಮೂಡುವ ಕಾಲವೇ ಅದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಮೊದಲು ಗುರುತಿಸಿದರಂತೆ. ಕಣ್ಣಿಗೆ ಪೊರೆ ಬಂದ ಎಳೆಗೂಸುಗಳು ಅವರ ಬಳಿಗೆ ಒಂದರ ಹಿಂದೊಂದು ಬಂದವು. ವಿಚಾರಿಸಿದರೆ, ಹೆಚ್ಚಿನ ತಾಯಂದಿರಿಗೆ ಬಸುರಿನ ಮೊದಲಲ್ಲಿ ರುಬೆಲ್ಲಾ ಆಗಿತ್ತು.

ಚೀಟಿ ಹಿಡಿದ ನನ್ನ ಕೈ ನಡುಗಿತು. ನಮ್ಮ ಮನೆಗೆ ಬಂದದ್ದು ಅದೇ ಎಂದು ಆಣೆಯಿಟ್ಟು ಹೇಳಲಾರೆ. ಆಗ ಯಾರೂ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಆದರೂ ಗ್ರಹಣದ ಮಾತು ಅವತ್ತೇ ನನ್ನ ಮನಸ್ಸಿನಿಂದ ಬಿದ್ದುಹೋಯಿತು.

ರಾತ್ರಿ ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳು ಕೇಳಿದಳು, "ಹಾಗಾದ್ರೆ ತಾತಂಗೆ ಹಾಗಾಗಿದ್ದು ನಿನ್ನಿಂದನಾ ಅಜ್ಜಿ?"

ಸಭೆ ಮುಗಿದಾಗಿನಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. "ಇಲ್ಲ ಪುಟ್ಟಿ, ರೋಗ ಹಂಚಬೇಕು ಅಂತ ಯಾವ ಮಗುವೂ ಹಂಚಲ್ಲ. ಅವ್ವನ ತಪ್ಪೂ ಅಲ್ಲ, ನನ್ನದೂ ಅಲ್ಲ. ಆಗ ಇದಕ್ಕೆ ಲಸಿಕೆಯೇ ಇರಲಿಲ್ಲ. ಈಗ ಇದೆ" ಎಂದೆ.

ನನ್ನ ತಮ್ಮ ಮಗ್ಗದ ಮರದ ಮೇಲೆ ಅಂಗೈ ಇಟ್ಟು, ಅದರ ಅದುರಿನಲ್ಲೇ ಲಯ ಹಿಡಿದು ನೇಯ್ಗೆ ಕಲಿತವನು. ಅವನ ಬದುಕು ಕಡಿಮೆಯದೆಂದು ನಾನು ಹೇಳುವುದಿಲ್ಲ. ಆದರೆ ಅವ್ವನ ದನಿಯನ್ನು ಅವನು ಒಮ್ಮೆಯೂ ಕೇಳಲಿಲ್ಲ.

ಈಗ ಈ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಮ್ಮೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಬಸುರಿಯರಿಗೆ ಇದನ್ನು ಕೊಡುವಂತಿಲ್ಲ. ಅವರನ್ನು ಕಾಯಬೇಕಾದವರು ಸುತ್ತಲಿರುವ ನಾವೇ.

ಮರುದಿನ ಮೊಮ್ಮಗಳು ತೋಳಿಗೆ ಹತ್ತಿ ಒತ್ತಿಕೊಂಡು ಮನೆಗೆ ಬಂದಳು. ಕಣ್ಣಲ್ಲಿ ಇನ್ನೂ ನೀರಿತ್ತು. "ನಮ್ಮ ಟೀಚರಿಗೆ ಪಾಪು ಆಗುತ್ತಂತೆ ಅಜ್ಜಿ. ನನ್ನಿಂದ ಅವರಿಗೆ ಅಮ್ಮ ಬರಲ್ಲ, ಅಲ್ವಾ?" ಎಂದಳು.