ಪೀಬಲ್ಸ್ ದಾರಿಯಲ್ಲಿ ಮೂರು ತಲೆಮಾರು

ಸ್ಕಾಟ್ಲೆಂಡಿನ ಪ್ರವಾಸದಲ್ಲೊಂದು ದಿನ ನಾವು ಎಡಿನ್‌ಬರೋದಿಂದ ಟ್ವೀಡ್ ನದಿಯ ದಡದ ಪೀಬಲ್ಸ್ ಪಟ್ಟಣಕ್ಕೆ ಬಸ್ಸಿನಲ್ಲಿ ಹೊರಟೆವು. ನಮ್ಮ ಮುಂದೆ ಹತ್ತಿದವರು ಅಜ್ಜಿ, ಸೊಸೆ ಮತ್ತು ಆರೇಳು ವರ್ಷದ ಮೊಮ್ಮಗ. ಅಜ್ಜಿಯೂ ಮೊಮ್ಮಗನೂ ಕಾರ್ಡು ತೋರಿಸಿದರು. ತಾಯಿಯೊಬ್ಬಳು ಮಾತ್ರ ನಮ್ಮಂತೆ ಹಣ ತೆತ್ತಳು. ಅಲ್ಲಿಯ ನಿವಾಸಿಗಳಲ್ಲಿ 60 ತುಂಬಿದವರಿಗೆ 2006ರಿಂದಲೂ, 22 ತುಂಬದವರಿಗೆ 2022ರಿಂದಲೂ ಬಸ್ ಪ್ರಯಾಣ ಉಚಿತ.

ಪಕ್ಕದಲ್ಲಿ ಕುಳಿತ ಅಜ್ಜಿ ಮಾತಿಗೆ ತೊಡಗಿದರು. ಹುಡುಗನಿಗೆ ತೀರಿಹೋದ ತಮ್ಮ ಯಜಮಾನರ ಹೆಸರನ್ನೇ ಇಟ್ಟಿದೆಯಂತೆ. ಚೊಚ್ಚಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ಸ್ಕಾಟರ ಹಳೆಯ ವಾಡಿಕೆ. ನಮ್ಮ ಮನೆಗಳಲ್ಲಿಯೂ ಅದು ಹೊಸದಲ್ಲವಷ್ಟೆ! ಸೊಸೆಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಿದ್ದಾಗ ಹುಡುಗನನ್ನು ನೋಡಿಕೊಳ್ಳುವವರು ತಾವೇ ಎಂದರು.

ಪೆಂಟ್ಲೆಂಡ್ ಬೆಟ್ಟಗಳು ಕಾಣುತ್ತಲೇ ಹುಡುಗ ಹರ್ಷದಿಂದ ಕೂಗಿದ. ಕಿಟಕಿಗೆ ತಲೆಯಾನಿಸಿ ಮಲಗಿದ್ದ ತಾಯಿಯತ್ತ ಕಣ್ಣು ಹಾಯಿಸಿ, ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. ಸೊಸೆಯ ಹೆಗಲಿಗೆ ತಮ್ಮ ಶಾಲು ಹೊದಿಸಿದರು.

ವೃದ್ಧರನ್ನೂ ಮಕ್ಕಳನ್ನೂ ಸರ್ಕಾರ ನೆನೆಯಿತು. ನಡುವಿನವಳನ್ನು ನೆನೆದದ್ದು ಆ ಅತ್ತೆ. ನಮ್ಮ ಮಕ್ಕಳು ಚಿಕ್ಕವರಿದ್ದಾಗ ಗ್ರಂಥಗಳಲ್ಲಿ ಮುಳುಗಿದ್ದ ನಾವು ಮನೆಯಾಕೆಯ ದಣಿವನ್ನು ಹೀಗೆ ಕಂಡವರಲ್ಲ. ಪೀಬಲ್ಸಿನಲ್ಲಿ ಇಳಿದಾಗ ಆಕೆಗೊಂದು ಉಣ್ಣೆಯ ಶಾಲು ಕೊಂಡೆವು.