ದಿಂಬಂ ಘಟ್ಟದಲ್ಲಿ ಮಿನುಗುವ ದೀಪ

ತಾಳವಾಡಿ ಸೀಮೆಯ ನಮಗೆ ಸತ್ಯಮಂಗಲದ ದಾರಿಯೆಂದರೆ ದಿಂಬಂ ಘಟ್ಟ. ಬಣ್ಣಾರಿ ಅಮ್ಮನ ಸನ್ನಿಧಿಗೆ ಇಳಿಯುವುದರೊಳಗೆ 27 ಕಡಿದಾದ ತಿರುವುಗಳು. ಏರಿಬರುವ ಲಾರಿಯು ತಿರುವಿನಲ್ಲಿ ರಸ್ತೆಯನ್ನೆಲ್ಲ ಆವರಿಸುವುದರಿಂದ ಮೋಟಾರು ಸೈಕಲ್ಲಿನವನು ಅಂಚಿಗೆ ಸರಿಯಲೇಬೇಕು. ಮಂಜು ಕವಿದ ಬೆಳಗಿನಲ್ಲಿ ಅವನ ಇಂಗಿತವನ್ನು ಹಿಂದಿನವನಿಗೆ ಅರುಹುವುದು ಇಂಡಿಕೇಟರ್ ದೀಪವೇ.

ಈಚೆಗೆ ನಮ್ಮ ತರುಣರು ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿಸುತ್ತಿದ್ದಾರೆ. ಬೆಳಕೇನೋ ಪ್ರಖರ, ಆದರೆ ಕೆಲವು ಗಾಡಿಗಳಲ್ಲಿ ಅದು ಮಿನುಗದೆ ಸುಮ್ಮನೆ ಉರಿಯುತ್ತದೆ, ಇಲ್ಲವೆ ಪಟಪಟನೆ ಮಿನುಗುತ್ತದೆ. ದೋಷ ದೀಪದ್ದಲ್ಲ. ಹಳೆಯ ಬಲ್ಬಿಗೆ 10 ವ್ಯಾಟ್ ಬೇಕಿತ್ತು; ಎಲ್‌ಇಡಿಗೆ ಒಂದೆರಡು ಸಾಕು. ಹಳೆಯ ಫ್ಲಾಷರಿಗೆ ಅಷ್ಟು ಅಲ್ಪ ವಿದ್ಯುತ್ ಹರಿವು ಸಾಲದು. ಬಲ್ಬು ಸುಟ್ಟುಹೋದಾಗ ವರ್ತಿಸುವಂತೆಯೇ ವರ್ತಿಸುತ್ತದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿಸುವುದೇ ಇದಕ್ಕೆ ಮದ್ದು. ದೀಪವು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು.

ದೀಪ ಹತ್ತದಿದ್ದರೆ ತಂತಿಗಳು ಅದಲುಬದಲಾಗಿವೆಯೆ ನೋಡಬೇಕು. ಒಂದೇ ಪಕ್ಕಕ್ಕೆ ಸ್ವಿಚ್ಚು ಒತ್ತಿದರೂ ನಾಲ್ಕೂ ಮಿನುಗಿದರೆ, ಮೀಟರಿನೊಳಗಿನ ಒಂಟಿ ಸೂಚಕ ಬಲ್ಬಿನ ಮೂಲಕ ವಿದ್ಯುತ್ತು ಆಚೆ ಪಕ್ಕಕ್ಕೂ ಹರಿಯುತ್ತಿರಬಹುದು. ಅಲ್ಲಿ ಡಯೋಡುಗಳನ್ನು ಜೋಡಿಸಬೇಕು.

ನಾಲ್ಕೂ ಮಿನುಗುವ ಗಾಡಿ ಎಡವನ್ನೂ ಹೇಳದು, ಬಲವನ್ನೂ ಹೇಳದು. ಘಟ್ಟಕ್ಕೆ ಮುಖಮಾಡುವ ಮುನ್ನ ಊರಿನಲ್ಲೇ ಪರೀಕ್ಷಿಸಿಕೊಳ್ಳುವುದು ಕ್ಷೇಮ.